ಅಪ್‌ಡೇಟ್: ಚಿಪ್ ಇರುವ ಕಾರಿನ ಕೀ ಮನೆ ಮುಂದೆಯೇ ಸಿದ್ಧವಾಯಿತು

ಹಾಸನದ ಸಂತೆಯಲ್ಲಿ ಕಾರಿನ ಕೀ ಕಳೆದುಕೊಂಡಿದ್ದೇನೆ, ಉಳಿದಿರುವುದು ಒಂದೇ. ಶೋರೂಮಿಗೇ ಹೋಗಬೇಕೇ, ಮನೆಗೆ ಬಂದು ಮಾಡಿಕೊಡುವವರನ್ನು ನಂಬಬಹುದೇ ಎಂದು ಕಳೆದ ವಾರ ಕೇಳಿದ್ದೆ. ಧೈರ್ಯ ಮಾಡಿ ಮನೆಗೇ ಕರೆಸಿದೆ.

ಬಂದವರು ಮೊದಲು ಕೇಳಿದ್ದು ಆರ್‌ಸಿ ಮತ್ತು ನನ್ನ ಗುರುತಿನ ಚೀಟಿ. ಅಲ್ಲಿಗೇ ಅರ್ಧ ಅನುಮಾನ ಹೋಯಿತು. ವ್ಯಾನಿನೊಳಗಿನ ಯಂತ್ರದಲ್ಲಿ ಹೊಸ ಕೀ ಕೊರೆದರು. ಬಾಗಿಲೇನೋ ತೆರೆಯಿತು, ಎಂಜಿನ್ ಮಾತ್ರ ಒಂದು ಕ್ಷಣ ಗುರುಗುಟ್ಟಿ ನಿಂತುಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಟುಕುತ್ತಲೇ ಇತ್ತು. "ಚಿಪ್ಪಿನ ಪರಿಚಯ ಕಾರಿಗೆ ಇನ್ನೂ ಆಗಿಲ್ಲ ಸಾರ್" ಎಂದು ನಕ್ಕರು. ಕೀಯೊಳಗಿನ ಚಿಪ್ಪನ್ನು ಕಾರು ಗುರುತಿಸಿದರಷ್ಟೇ ಎಂಜಿನ್ ಓಡುತ್ತದಂತೆ. ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಕಿಂಡಿ) ಸಾಧನ ಜೋಡಿಸಿ, ಹಳೆಯ ನೋಂದಣಿಗಳನ್ನೆಲ್ಲ ಅಳಿಸಿ, ನನ್ನ ಬಳಿಯಿದ್ದ ಕೀ ಮತ್ತು ಹೊಸದು ಎರಡನ್ನೂ ದಾಖಲಿಸಿದರು. ಸಂತೆಯಲ್ಲಿ ಬಿದ್ದ ಕೀ ಯಾರಿಗಾದರೂ ಸಿಕ್ಕರೆ ಬಾಗಿಲು ತೆರೆಯಬಹುದು, ಎಂಜಿನ್ ಚಾಲೂ ಆಗದು.

ಕೀಯೊಳಗಿನ ಸೆಲ್ (ಪುಟ್ಟ ಬ್ಯಾಟರಿ) ಬದಲಿಸಿ ನೋಡಿ ಎಂದು ಕೆಲವರು ಹೇಳಿದ್ದಿರಿ. ಚಿಪ್ಪಿಗೆ ಸೆಲ್ಲೇ ಬೇಕಿಲ್ಲ. ಇಗ್ನಿಷನ್ ಸುತ್ತಲಿನ ತಂತಿಸುರುಳಿಯೇ ಅದಕ್ಕೆ ಶಕ್ತಿ ಕೊಡುತ್ತದೆ. ಸೆಲ್ ಇರುವುದು ದೂರದಿಂದ ಬಾಗಿಲು ತೆರೆಯುವ ರಿಮೋಟ್ ಗುಂಡಿಗೆ. ಆ ಗುಂಡಿ ಇನ್ನೂ ಕೆಲಸ ಮಾಡುತ್ತಿಲ್ಲ, ಗುರುವಾರ ಮತ್ತೆ ಬರುತ್ತಾರೆ.