ಅಕ್ಕ ಹಾಕಿದ ಗುಹೆ ವಿಡಿಯೊ, ಮಾವನ ತಕರಾರು

ಮಂಡ್ಯ ಮಾವ: ಗುಹೆಯ ನೀರಿನಲ್ಲಿ ಹೊಸ ಜೀವಿ ಹುಡುಕಿ ಹೆಸರಿಡುವವರ ವಿಡಿಯೊ ನೋಡಿದೆ. ಅಕ್ಕಿಕಾಳಿನಷ್ಟು ಇಲ್ಲದ ಹುಳ. ಅದಕ್ಕೆ ಸಮುದ್ರದ ಗುಹೆಗೆ ಜೀವ ಒತ್ತೆಯಿಟ್ಟು ಇಳಿಯಬೇಕಾ? ಇಲ್ಲಿ ನಾಲೆಗೆ ನೀರು ಬಿಟ್ಟಿಲ್ಲ, ಭತ್ತದ ಒಟ್ಲು ಒಣಗುತ್ತಿದೆ. ಆ ದುಡ್ಡು ಇಲ್ಲಿಗೆ ಬರಲಿ.

ಅಕ್ಕ: ಹುಳ ಅಲ್ಲ ಮಾವ, ಸಿಗಡಿ, ಏಡಿ ಇವೆಯಲ್ಲ, ಆ ಬಳಗ.

ಮಂಡ್ಯ ಮಾವ: ಯಾವ ಬಳಗವಾದರೇನು, ತಿನ್ನೋಕೂ ಆಗಲ್ಲ.

ನಾನು: ಮಾವ, ಒಟ್ಲಿನ ಸಂಕಟ ನನಗೂ ಗೊತ್ತು. ಆದರೆ ಇದನ್ನ ಸುಮ್ನೆ ತಳ್ಳಿಹಾಕಬೇಡಿ. ಬಹಾಮಾಸ್ ದ್ವೀಪಗಳ ಲುಕಾಯನ್ ಗುಹೆಯಲ್ಲಿ ಜಿಲ್ ಯೇಗರ್ ಅನ್ನೋ ವಿಜ್ಞಾನಿಗೆ ಸಿಕ್ಕಿದ, ಇದೇ ಸಿಗಡಿ ಬಳಗದ ಜೀವಿಗೆ 1981ರಲ್ಲಿ ಹೆಸರಿಟ್ಟರು. ಹೊಸ ಜಾತಿ ಮಾತ್ರ ಅಲ್ಲ, ಅದಕ್ಕಾಗಿ ರೆಮಿಪೀಡಿಯಾ ಅಂತ ಹೊಸ ವರ್ಗವನ್ನೇ, ಅಂದರೆ ಎಷ್ಟೋ ಜಾತಿಗಳು ಸೇರುವಂಥ ದೊಡ್ಡ ಗುಂಪನ್ನೇ ಮಾಡಬೇಕಾಯಿತು. ಕಣ್ಣಿಲ್ಲ. ಮೈಯುದ್ದಕ್ಕೂ ಜೋಡಿ ಜೋಡಿ ಕಾಲು, ಅವುಗಳನ್ನ ಅಲೆಯ ಹಾಗೆ ಬಡಿಯುತ್ತಾ ಅಂಗಾತ ಈಜುತ್ತದೆ. ಮೆಕ್ಸಿಕೋದ ಗುಹೆಯಲ್ಲಿರುವ ಅದರ ಸಂಬಂಧಿಗೆ ವಿಷ ಇದೆ ಅಂತ 2013ರಲ್ಲಿ ತಿಳಿಯಿತು. ನಿಮ್ಮ ಗದ್ದೆಯ ಕಂದು ಜಿಗಿಹುಳು, ಜೇನು, ಎಲ್ಲ ಕೀಟಗಳಿಗೂ ತೀರಾ ಹತ್ತಿರದ ನೆಂಟರು ಇವೇ ಅಂತ ಡಿಎನ್‌ಎ ನೋಡಿದವರು ಹೇಳುತ್ತಾರೆ.

ಮಂಡ್ಯ ಮಾವ: ನೆಂಟರಾದರೆ ಆಯಿತು. ಬಿಟ್ಟುಬಿಡಿ, ಅವುಗಳ ಪಾಡಿಗೆ ಇರಲಿ.

ನಾನು: ಇರೋಕೆ ಬಿಟ್ಟರೆ ತಾನೇ? ಬರ್ಮುಡಾದ ಗುಹೆಗಳಲ್ಲಿ ಮಿಕ್ಟೊಕ್ಯಾರಿಸ್ ಅಂತ ಸಿಗಡಿ ಬಳಗದ್ದೇ ಇನ್ನೊಂದು ಜೀವಿ ಇದೆ, ಸುಮಾರು 3 ಮಿಲಿಮೀಟರ್. 1985ರಲ್ಲಿ ಹೆಸರು ಬಂತು. ಬೇರೆ ಎಲ್ಲೂ ಕಂಡಿಲ್ಲ. ಅದೇ ದ್ವೀಪದಲ್ಲಿ ಸುಣ್ಣಕಲ್ಲಿನ ಗಣಿಗೆ ಗುಹೆಗಳೇ ಹೋಗಿವೆ. ಗುಹೆ ಒಡೆದರೆ ಇಂಥ ಪ್ರಾಣಿಗೆ ಹೋಗೋಕೆ ಬೇರೆ ಜಾಗ ಇಲ್ಲ. ಹೆಸರಿಲ್ಲದಿದ್ದರೆ ಏನು ಹೋಯಿತು ಅಂತ ಕೇಳುವವರೂ ಇರಲ್ಲ. ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟದಿಂದ ಕೆಆರ್‌ಎಸ್‌ಗೆ ಅಪಾಯ ಅಂತ ಈ ಗುಂಪಲ್ಲೇ ಎಷ್ಟು ಜಗಳ ಆಡಿದ್ದೀರಿ ನೀವು!

ಮಂಡ್ಯ ಮಾವ: ಅದು ಅಣೆಕಟ್ಟೆ ಪುಟ್ಟಿ. ಲಕ್ಷಾಂತರ ಜನರ ಅನ್ನ.

ನಾನು: ಹೌದು, ಅಣೆಕಟ್ಟೆ ಪರ ಮಾತಾಡೋಕೆ ಅಷ್ಟು ಜನ ಇದ್ದಾರೆ. ಇದರ ಪರ ಯಾರಿದ್ದಾರೆ? ಮೈಕ್ರೋಸ್ಕೋಪ್ ಕೆಳಗೆ ಒಂದೊಂದೇ ಕಾಲು ಬಿಡಿಸಿ, ಅದರ ಮೇಲಿನ ಕೂದಲು ಎಣಿಸಿ ಚಿತ್ರ ಬರೆಯುವ ನಾಲ್ಕು ಜನ. ಆಮೇಲೆ ಆ ಮಾದರಿಯನ್ನ ಮ್ಯೂಸಿಯಂನಲ್ಲಿ ಇಡುತ್ತಾರೆ, ಮುಂದೆ ಯಾರು ಬೇಕಾದರೂ ಹೋಲಿಸಿ ನೋಡಲಿ ಅಂತ. ಇದು ದಂಡದ ಕೆಲಸ ಅಂದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಅತ್ತೆ: ನಿಮ್ಮ ಮಾವ ಆ ವಿಡಿಯೊ ಮೂರು ಸಲ ನೋಡಿದರು.

ಮಂಡ್ಯ ಮಾವ: ಗಣಿ ಮಾತು ಒಪ್ಪಿದೆ. ದುಡ್ಡಿನ ಮಾತು ಒಪ್ಪಲ್ಲ. ದಸರಾಕ್ಕೆ ಮೈಸೂರಿಗೆ ಬರುತ್ತೇವಲ್ಲ, ಆಗ ಕೂತು ಮಾತಾಡೋಣ.