ಕಮ್ಯುನಿಟಿ ಕಾಲೇಜಿನ ಕೌನ್ಸೆಲರ್ ಹತ್ತಿರ ಏನೇನು ಕೇಳಬೇಕು?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾಗೆ ಬಂದು ಮೂರು ವರ್ಷ ದಾಟಿತು, ಗ್ರೀನ್ ಕಾರ್ಡ್ ಇದೆ. ಓದಿದ್ದು ಪಿಯುಸಿ ಕಾಮರ್ಸ್, ಆಮೇಲೆ ಮದುವೆ, ಮಗು. ಈಗ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಅಕೌಂಟಿಂಗ್ ಓದಿ, ಮುಂದೆ ಸಿಎಸ್‌ಯುಗೆ, ಅಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ, ಟ್ರಾನ್ಸ್‌ಫರ್ ಆಗುವ ಆಸೆ.

ಕೌನ್ಸೆಲರ್ ಹತ್ತಿರ ಹೋದಾಗ ನನ್ನ ಹಿಂದೆ ಉದ್ದ ಸಾಲು. ಅವರು ಕಂಪ್ಯೂಟರ್ ನೋಡುತ್ತಲೇ ಹಳದಿ ಚೀಟಿಯಲ್ಲಿ ನಾಲ್ಕು ಕ್ಲಾಸಿನ ಹೆಸರು ಗೀಚಿಕೊಟ್ಟರು. ಒಟ್ಟು 12 ಯೂನಿಟ್ (ಇಲ್ಲಿ ಕ್ಲಾಸುಗಳನ್ನು ಅಳೆಯುವ ಕ್ರೆಡಿಟ್ ಲೆಕ್ಕ). ಯಾಕೆ ಇವೇ ನಾಲ್ಕು ಅಂತ ಬಾಯಿ ತೆರೆಯುವಷ್ಟರಲ್ಲಿ ಮುಂದಿನವರನ್ನು ಕರೆದೇ ಬಿಟ್ಟರು. ಈ ವರ್ಷ ನಮ್ಮ ಮನೆಯವರ ಕೆಲಸ ಹೋಗಿದೆ. ಮಗು ಎರಡೂವರೆಗೆ ಸ್ಕೂಲಿಂದ ಬರುತ್ತದೆ. 12 ಯೂನಿಟ್ ಜಾಸ್ತಿ ಆಗಲ್ವಾ? ಇಂಗ್ಲಿಷ್ ಅರ್ಥ ಆಗುತ್ತದೆ, ಬರೆಯುವುದೇ ಕಷ್ಟ.

ಉತ್ತರ 1
ಅಕ್ಕ, ನೀವು ಹೋಗಿದ್ದು ಡ್ರಾಪ್-ಇನ್‌ಗೆ, ಅಂದರೆ ಅಪಾಯಿಂಟ್‌ಮೆಂಟ್ ಇಲ್ಲದೆ ಸಾಲಿನಲ್ಲಿ ನಿಂತು ನೋಡುವ ಕಡೆಗೆ, ಅನ್ನಿಸುತ್ತದೆ. ಅದು ಸಣ್ಣಪುಟ್ಟ ಪ್ರಶ್ನೆಗೆ ಮಾತ್ರ. "ಕಾಂಪ್ರಹೆನ್ಸಿವ್ ಎಜುಕೇಶನ್ ಪ್ಲಾನ್ ಮಾಡಿಸಬೇಕು" ಅಂತ ಹೇಳಿ ದೊಡ್ಡ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಕೊನೆಯ ಸೆಮಿಸ್ಟರ್‌ವರೆಗೂ ಯಾವಾಗ ಯಾವ ಕ್ಲಾಸ್ ಅಂತ ಬರೆದು ಕೊಡಬೇಕು ಅವರು. ಹೋಗುವ ಮುಂಚೆ ಅಸಿಸ್ಟ್ ವೆಬ್‌ಸೈಟಿನಲ್ಲಿ (ಇಲ್ಲಿಯ ಯಾವ ಕ್ಲಾಸು ಅಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ತೋರಿಸುತ್ತದೆ) ನಿಮ್ಮ ಕಾಲೇಜು, ನೀವು ಸೇರಬೇಕೆಂದಿರುವ ಕ್ಯಾಂಪಸ್ ಎರಡನ್ನೂ ಹಾಕಿ ನೋಡಿ, ಪ್ರಿಂಟ್ ತೆಗೆದುಕೊಂಡು ಹೋಗಿ. ಬಿಸಿನೆಸ್ ಅಡ್ಮಿನಿಸ್ಟ್ರೇಶನ್‌ನಲ್ಲಿ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ (ಟ್ರಾನ್ಸ್‌ಫರ್‌ಗೆಂದೇ ಮಾಡಿದ ಎರಡು ವರ್ಷದ ಡಿಗ್ರಿ) ಇದೆಯಾ ಕೇಳಿ. 60 ಯೂನಿಟ್, ಸಿಎಸ್‌ಯುನಲ್ಲಿ ಸೀಟು ಗ್ಯಾರಂಟಿ. ಬೇಕಾದ ಕ್ಯಾಂಪಸ್ಸೇ ಸಿಗುತ್ತದೆ ಅಂತಲ್ಲ, ಅದು ಬೇರೆ ಮಾತು.

ಉತ್ತರ 2
12 ಯೂನಿಟ್‌ಗಿಂತ ಕಡಿಮೆ ಮಾಡುವ ಮುಂಚೆ ನಿಮ್ಮ ಕಾಲೇಜಿನ ಇಒಪಿಎಸ್ (ಎಕ್ಸ್‌ಟೆಂಡೆಡ್ ಆಪರ್ಚುನಿಟಿ ಪ್ರೋಗ್ರಾಮ್ಸ್ ಅಂಡ್ ಸರ್ವಿಸಸ್) ಆಫೀಸಿಗೆ ಹೋಗಿ ಬನ್ನಿ. 1969ರಿಂದ ಇರುವ ಪ್ರೋಗ್ರಾಂ ಇದು, ಆದಾಯ ಕಡಿಮೆ ಇರುವವರಿಗೆ. ಸಾಮಾನ್ಯವಾಗಿ ಫುಲ್ ಟೈಮ್, ಅಂದರೆ 12 ಯೂನಿಟ್ ಕೇಳುತ್ತಾರೆ. ಬದಲಿಗೆ ಅವರದೇ ಕೌನ್ಸೆಲರ್ ಸಿಗುತ್ತಾರೆ, ಪುಸ್ತಕಕ್ಕೆ ಸಹಾಯ ಇರುತ್ತದೆ, ಮತ್ತೆ ರಿಜಿಸ್ಟ್ರೇಶನ್‌ನಲ್ಲಿ ಮೊದಲ ಸರದಿ. ನಿಮಗೆ ಅದೇ ಮುಖ್ಯ. ಬೆಳಗಿನ ಕ್ಲಾಸು ತುಂಬುವ ಮೊದಲೇ ಹಿಡಿದರೆ ಎರಡೂವರೆಗೆ ಮನೆಯಲ್ಲಿರಬಹುದು, ಅಲ್ವಾ?

ದುಡ್ಡಿನ ವಿಷಯ: ಎಫ್‌ಎಎಫ್‌ಎಸ್‌ಎ, ಅಂದರೆ ಓದಿಗೆ ಸರ್ಕಾರದ ಹಣಸಹಾಯ (ಏಡ್) ಕೇಳುವ ಅರ್ಜಿ, ಎರಡು ವರ್ಷ ಹಿಂದಿನ ಟ್ಯಾಕ್ಸ್ ನೋಡುತ್ತದೆ. ಮನೆಯವರ ಕೆಲಸ ಹೋಗಿರುವುದು ಅದರಲ್ಲಿ ಕಾಣಿಸೋದೇ ಇಲ್ಲ. ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ "ಸ್ಪೆಷಲ್ ಸರ್ಕಮ್‌ಸ್ಟಾನ್ಸಸ್" ಅಂತ ಹೇಳಿ, ಕೆಲಸದಿಂದ ತೆಗೆದ ಪತ್ರ ಕೊಡಿ. ನೀವಾಗಿ ಕೇಳದೆ ಯಾರೂ ಹೇಳುವುದಿಲ್ಲ. ಯೂನಿಟ್‌ಗೆ 46 ಡಾಲರ್, ಆದಾಯ ನೋಡಿ ಅದೂ ಮನ್ನಾ ಆಗಬಹುದು.

ಉತ್ತರ 3
ಏಡ್ ತೆಗೆದುಕೊಂಡರೆ ಒಂದು ಎಚ್ಚರ. ಮಧ್ಯದಲ್ಲಿ ಕ್ಲಾಸ್ ಬಿಟ್ಟು ಮಾರ್ಕ್ಸ್ ಕಾರ್ಡಿನಲ್ಲಿ "ಡಬ್ಲ್ಯೂ" (ವಿತ್‌ಡ್ರಾ) ಬಿದ್ದರೆ ಜಿಪಿಎಗೆ, ಅಂದರೆ ಗ್ರೇಡಿನ ಸರಾಸರಿಗೆ, ಪೆಟ್ಟಿಲ್ಲ, ಆದರೆ ಏಡ್ ಲೆಕ್ಕದಲ್ಲಿ ಮುಗಿಸದ ಕ್ಲಾಸ್ ಅಂತಲೇ ಬರುತ್ತದೆ. ಬಿಡುವುದಾದರೆ "ಡಬ್ಲ್ಯೂ" ಬೀಳದ ಹಾಗೆ ಡ್ರಾಪ್ ಮಾಡುವ ಕೊನೆಯ ತಾರೀಖಿನೊಳಗೇ ಬಿಡಿ. ಬರೆಯುವುದಕ್ಕೆ ರೈಟಿಂಗ್ ಸೆಂಟರ್ ಇರುತ್ತದೆ. ಪೇಪರ್ ಮುಗಿಯುವ ತನಕ ಕಾಯಬೇಡಿ, ಅರ್ಧ ಬರೆದದ್ದನ್ನೇ ತೋರಿಸಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಫೋನಲ್ಲಿ ಇಂಗ್ಲಿಷ್ ಮಾತಾಡೋಕೆ ಸ್ವಲ್ಪ ಹೆದರಿಕೆ. ಆನ್‌ಲೈನಲ್ಲಿ ಬುಕ್ ಆಗುತ್ತಾ?

ಉತ್ತರ 1
ಬಹಳ ಕಾಲೇಜಲ್ಲಿ ಆಗುತ್ತದೆ, ಸ್ಟೂಡೆಂಟ್ ಪೋರ್ಟಲ್ ನೋಡಿ. ಕಾರಣ ಬರೆಯುವ ಜಾಗದಲ್ಲಿ ಎಜುಕೇಶನ್ ಪ್ಲಾನ್ ಅಂತಲೇ ಹಾಕಿ, ಇಲ್ಲದಿದ್ದರೆ ಮತ್ತೆ ಡ್ರಾಪ್-ಇನ್‌ಗೇ ಕಳಿಸುತ್ತಾರೆ.