ಕ್ಯೂ150 ಸ್ಪೀಕರ್ ತೆಗೆದು ಎಲ್‌ಎಸ್50 ಮೆಟಾ ಹಾಕಿದ ಮೇಲೆ ಬಾಸ್ (ತಗ್ಗು ಸದ್ದು) ಮಾಯ. ಮಾಡೆಲ್ಲೇ ಹೀಗಾ?

ಮೂಲೆಸ್ಪೀಕರ್:
ತಲೆ ಕೆಟ್ಟುಹೋಗಿದೆ. ಕೆಫ್ ಕ್ಯೂ150 ಇದ್ದ ಜಾಗಕ್ಕೆ ಅದೇ ಕಂಪನಿಯ ಎಲ್‌ಎಸ್50 ಮೆಟಾ ಬಂತು. ದುಡ್ಡು ಜಾಸ್ತಿ, ಬಾಸ್ ಸೊನ್ನೆ. ಡಗ್ಗಾ ಬಾರಿಸಿದರೆ ತಗಡು ತಟ್ಟಿದ ಹಾಗಿದೆ. ಹಾಡುವವರ ದನಿ ನಡುವೆ ನಿಲ್ಲದೆ ಎರಡೂ ಬದಿಗೆ ಚೆಲ್ಲಿಹೋಗುತ್ತದೆ. ಎರಡರಲ್ಲೂ ಇರುವುದು 5.25 ಇಂಚಿನ ಯೂನಿ-ಕ್ಯೂ (ಕೋನ್ ನಡುವೆಯೇ ಮೇಲಿನ ಸದ್ದಿನ ಟ್ವೀಟರ್ ಕೂರಿಸಿದ ಡ್ರೈವರ್) ತಾನೆ? ವೈರು, ಆಂಪ್ (ಆಂಪ್ಲಿಫೈಯರ್) ಎಲ್ಲ ಸರಿಯಿದೆ, ಅದನ್ನು ಕೇಳಬೇಡಿ. ವಾಪಸ್ ಕ್ಯೂ150 ಹಾಕಲಾ, ಅದಕ್ಕಿಂತ ದೊಡ್ಡ ಕ್ಯೂ350 ತಗೊಳ್ಳಲಾ?

ವ್ಯಾಟ್‌ಪ್ರಿಯ:
ಆಂಪ್ ಸಾಲುತ್ತಿಲ್ಲ, ಬೇರೇನೂ ಅಲ್ಲ. ಮೆಟಾದ ಸೆನ್ಸಿಟಿವಿಟಿ (ಕೊಟ್ಟ ವೋಲ್ಟೇಜ್‌ಗೆ ಎಷ್ಟು ಸದ್ದು ಅನ್ನೋದು) 85 ಡಿಬಿ, ಇಂಪೀಡೆನ್ಸ್ (ಆಂಪ್‌ಗೆ ಒಡ್ಡುವ ತಡೆ) 3.5 ಓಮ್‌ವರೆಗೂ ಇಳಿಯುತ್ತದೆ. ಕಂಪನಿಯವರೇ 40ರಿಂದ 100 ವ್ಯಾಟ್ ಅಂತ ಹೇಳಿದ್ದಾರೆ. ಗಟ್ಟಿ ಆಂಪ್ ಹಾಕಿ, ಬಾಸ್ ತಾನಾಗಿ ಬರುತ್ತದೆ.

ಕಿವಿಗೊಡು:
ಕ್ಯೂ150 86 ಡಿಬಿ, ಮೆಟಾ 85. ಒಂದು ಡಿಬಿಗೆ ಬಾಸ್ ಕಾಣೆಯಾಗುತ್ತದಾ ಸ್ವಾಮಿ? 60 ವ್ಯಾಟಿನ ಆಂಪ್ ತೆಗೆದು 120 ವ್ಯಾಟಿನದು ಇಟ್ಟರೂ ಸಿಗುವುದು 3 ಡಿಬಿ. ಅದೂ ಪೂರ್ತಿ ತಿರುಗಿಸಿದಾಗ. ಮೆಲ್ಲಗೆ ಕೇಳುವಾಗಲೂ ಬಾಸ್ ಇಲ್ಲ ಅಂದರೆ ವ್ಯಾಟ್‌ಗೂ ಅದಕ್ಕೂ ಸಂಬಂಧವಿಲ್ಲ.

ಮಾಡೆಲ್ ವಿಷಯ: ±3 ಡಿಬಿ ಲೆಕ್ಕದಲ್ಲಿ (ಸದ್ದು 3 ಡಿಬಿಗಿಂತ ಹೆಚ್ಚು ಏರಿಳಿಯದ ಮಟ್ಟಿಗೆ) ಕ್ಯೂ150 51 ಹರ್ಟ್ಸ್‌ವರೆಗೆ ಇಳಿದರೆ ಮೆಟಾ 79ಕ್ಕೇ ನಿಲ್ಲುತ್ತದೆ. ಆದರೆ -6 ಡಿಬಿ ಲೆಕ್ಕ (ಸದ್ದು 6 ಡಿಬಿ ತಗ್ಗುವವರೆಗೆ) ನೋಡಿ, ಎರಡಕ್ಕೂ 47. ಅಂದರೆ ಮೆಟಾದಲ್ಲಿ ಬಾಸ್ ಬೇಗ ಬಾಗಲು ಶುರುವಾಗುತ್ತದೆ, ನಿಧಾನವಾಗಿ ಇಳಿಯುತ್ತದೆ. ತುಸು ತೆಳು ಅನಿಸಬಹುದು, ತಗಡು ಅನಿಸಬಾರದು. ಮೆಟಾ ಅನ್ನೋ ಹೆಸರು ನೋಡಿ ಏನೇನೋ ನಿರೀಕ್ಷೆ ಬೇಡ. ಟ್ವೀಟರ್ ಹಿಂದೆ ಚಕ್ರವ್ಯೂಹದಂಥ ತಟ್ಟೆ ಇದೆ, ಟ್ವೀಟರ್ ಹಿಂದಕ್ಕೆ ಬಿಡುವ ಸದ್ದನ್ನು ಅದು ಹೀರಿಕೊಳ್ಳುತ್ತದೆ. ಬಾಸ್‌ಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ದನಿ ನಡುವೆ ನಿಲ್ಲುತ್ತಿಲ್ಲ ಅನ್ನೋದೇ ಸುಳಿವು. ಒಂದು ಸ್ಪೀಕರ್‌ಗೆ ಪ್ಲಸ್-ಮೈನಸ್ ಅದಲುಬದಲಾಗಿದೆ. ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋದರೆ ಕೆಳಗಿನ ಸದ್ದು ಒಂದನ್ನೊಂದು ತಿಂದುಹಾಕುತ್ತದೆ.

ತಾಮ್ರತಂತಿ:
ಯಾವ ವೈರು ಹಾಕಿದ್ದೀರಿ? ಮನೆ ವೈರಿಂಗ್‌ನ ತಂತಿ ಆದರೆ ಬಾಸ್ ಅಲ್ಲೇ ಸತ್ತುಹೋಗುತ್ತದೆ. ಆಕ್ಸಿಜನ್ ಫ್ರೀ ತಾಮ್ರ ಹಾಕಿ ನೋಡಿ.

ಕಿವಿಗೊಡು:
2.5 ಚದರ ಮಿಮೀ ತಂತಿ 5 ಮೀಟರ್ ಎಳೆದರೆ ಹೋಗಿಬರುವ ದಾರಿ ಸೇರಿ ರೆಸಿಸ್ಟೆನ್ಸ್ ಸುಮಾರು 0.07 ಓಮ್. 3.5 ಓಮ್ ಎದುರು ಅದೇನು ಮಹಾ? ಮನೆ ವೈರಿಂಗ್‌ನದೂ ತಾಮ್ರವೇ.

ತಾಮ್ರತಂತಿ:
ಲೆಕ್ಕ ಹಾಕುವವರಿಗೆ ಕಿವಿ ಕೇಳಿಸಲ್ಲ ಬಿಡಿ.

ಮೂಲೆಸ್ಪೀಕರ್:
ಜಗಳ ಆಮೇಲೆ ಆಡಿ. ವೈರು ಎರಡೂ ಎಳೆ ಪಾರದರ್ಶಕ, ಒಂದೇ ಥರ. ಯಾವುದು ಪ್ಲಸ್ ಅಂತ ಗೊತ್ತುಮಾಡೋದು ಹೇಗೆ?

ಕಿವಿಗೊಡು:
ದೀಪಕ್ಕೆ ಹಿಡಿದು ನೋಡಿ, ಒಂದು ಎಳೆಯ ಮೇಲೆ ಅಕ್ಷರವೋ ಏಣೋ ಇರುತ್ತದೆ. ಕಾಣದಿದ್ದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಆಂಪ್‌ನ ಪ್ಲಗ್ ಕಿತ್ತು, ಆಂಪ್ ಬದಿಯ ಎರಡೂ ತುದಿ ಬಿಚ್ಚಿ. ಆಂಪ್‌ನ ಕೆಂಪಿನಲ್ಲಿದ್ದ ತುದಿಯನ್ನು ಸೆಲ್ಲಿನ ಪ್ಲಸ್‌ಗೆ, ಇನ್ನೊಂದನ್ನು ಮೈನಸ್‌ಗೆ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಕೋನ್ ಮುಂದೆ ಬಂದರೆ ಸರಿ, ಒಳಗೆ ಹೋದರೆ ಉಲ್ಟಾ. ಅಲುಗಾಟ ತುಂಬ ಸಣ್ಣದು, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಬೇಕು. 9 ವೋಲ್ಟಿನ ಬ್ಯಾಟರಿ ಬೇಡ.

ಬಾಸ್ ಹೊರಬರುವ ಹಿಂದಿನ ತೂತಿಗೆ, ಅಂದರೆ ಪೋರ್ಟಿಗೆ, ಫೋಮ್ ಬಿರಡೆ ಸಿಕ್ಕಿಸಿದ್ದೀರಾ? ಗೋಡೆಗೆ ಎಷ್ಟು ದೂರ?

ಮೂಲೆಸ್ಪೀಕರ್:
ಎಡಗಡೆಯದು ಉಲ್ಟಾ ಇತ್ತು! ಈಗ ದನಿ ಸರಿಯಾಗಿ ನಡುವೆ ನಿಂತಿದೆ. ಬಾಸ್ ಅರ್ಧ ಬಂತು, ಪೂರ್ತಿ ಇಲ್ಲ. ಬಿರಡೆ ಹಾಕಿಲ್ಲ, ಗೋಡೆಗೆ ಒಂದೂವರೆ ಅಡಿ.

ವ್ಯಾಟ್‌ಪ್ರಿಯ:
ಉಳಿದರ್ಧ ಆಂಪ್. ಮೊದಲೇ ಹೇಳಿದ್ದೆ.

ಹಳೆವಾಲ್ವ್:
ಆಂಪ್ ಅಂದರೆ ಸ್ಟೀರಿಯೋನಾ, ಹೋಮ್ ಥಿಯೇಟರ್‌ನ ಎವಿ ರಿಸೀವರ್ರಾ? ಬಾಸ್‌ಗೆಂದೇ ಇರುವ ಸಬ್‌ವೂಫರ್ ಇದೆಯಾ?

ಮೂಲೆಸ್ಪೀಕರ್:
ರಿಸೀವರ್. ಸಬ್ ಇತ್ತು, ಅದೇ ವಾರ ರಿಪೇರಿಗೆ ಹೋಯಿತು. ಅದಕ್ಕೂ ಇದಕ್ಕೂ ಏನು?

ಹಳೆವಾಲ್ವ್:
ಏನು ಅಂದರೆ? ಅದೇ ಎಲ್ಲ, ಮಾರಾಯ್ರೆ! ರಿಸೀವರ್‌ಗೆ ಸಬ್ ಹೋಗಿದ್ದು ಗೊತ್ತಿಲ್ಲ. ಫ್ರಂಟ್ (ಮುಂದಿನ ಎರಡು ಸ್ಪೀಕರ್) 'ಸ್ಮಾಲ್' ಅಂತ ಇದ್ದರೆ ಕ್ರಾಸ್‌ಓವರ್ ಅನ್ನೋ ಗಡಿಗಿಂತ ಕೆಳಗಿನ ಸದ್ದನ್ನು ಇಲ್ಲದ ಸಬ್‌ಗೆ ಕಳಿಸುತ್ತಿದೆ. ಸ್ಪೀಕರ್ ಸೆಟಪ್‌ನಲ್ಲಿ ಸಬ್‌ವೂಫರ್ 'ನೋ', ಫ್ರಂಟ್ 'ಲಾರ್ಜ್' ಮಾಡಿ. ರಿಸೀವರ್ ಮೈಕ್ ಇಟ್ಟು ಮಾಡುವ ಸದ್ದಿನ ಅಳತೆಯನ್ನೂ ಹೊಸದಾಗಿ ಓಡಿಸಿ, ಈಗಿನ ಈಕ್ವಲೈಸೇಷನ್ (ಸದ್ದಿನ ತಿದ್ದುಪಡಿ) ಕ್ಯೂ150ಕ್ಕೆ ಹೊಲಿದ ಅಂಗಿ. ಮೈಕನ್ನು ಕೂತಾಗಿನ ಕಿವಿ ಎತ್ತರಕ್ಕೆ ಇಡಿ, ಸೋಫಾ ಮೇಲೆ ಮಲಗಿಸಬೇಡಿ.

ಮೂಲೆಸ್ಪೀಕರ್:
ಕ್ರಾಸ್‌ಓವರ್ 120 ಹರ್ಟ್ಸ್‌ನಲ್ಲಿತ್ತು. ಈಗ ಡಗ್ಗಾ ಡಗ್ಗಾ ಥರಾನೇ ಇದೆ. ಸಬ್ ವಾಪಸ್ ಬಂದಮೇಲೆ?

ಹಳೆವಾಲ್ವ್:
ಫ್ರಂಟ್ ಮತ್ತೆ ಸ್ಮಾಲ್, 80ರಿಂದ ಶುರುಮಾಡಿ. ಜೋರಾಗಿ ಕೇಳುವವರು 100ರವರೆಗೆ ಏರಿಸಿದರೆ 5.25 ಇಂಚಿನ ಕೋನ್ ಒದ್ದಾಡುವುದು ತಪ್ಪುತ್ತದೆ. 120ರಲ್ಲಿ ಬಿಟ್ಟರೆ ಗಂಡು ದನಿಯ ಬುಡವೇ ಸಬ್ ಇರುವ ಮೂಲೆಯಿಂದ ಬರತೊಡಗುತ್ತದೆ.

ಮೂಲೆಸ್ಪೀಕರ್:
ಹಾಲ್ 16×20 ಅಡಿ. ಹಾಗಾದರೆ ಕ್ಯೂ350 ಬೇಡವಾ?

ಕಿವಿಗೊಡು:
ಕ್ಯೂ350 6.5 ಇಂಚು, 87 ಡಿಬಿ. ±3 ಡಿಬಿಗೆ 63 ಹರ್ಟ್ಸ್ ಅಂತ ಬರೆದಿದ್ದಾರೆ, ಚಿಕ್ಕ ತಮ್ಮ ಕ್ಯೂ150ಕ್ಕಿಂತ ಮೇಲೆ! ಆ ಒಂದು ಅಂಕಿ ನೋಡಿ ಕೊಳ್ಳಬೇಡಿ. ಕೋನ್‌ನ ವಿಸ್ತೀರ್ಣ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ಆ ಅಳತೆಯ ಹಾಲಿನಲ್ಲಿ ಜೋರು ಮಾಡಿದಾಗ ಉಸಿರು ಕಟ್ಟುವುದಿಲ್ಲ. ಆದರೆ ಸಬ್ ಬರುವುದೇ ಆದರೆ ಮೆಟಾ ಬಿಡಬೇಡಿ, ದನಿಯ ಸ್ಪಷ್ಟತೆ ಅದರದ್ದೇ ಮೇಲು.

ವ್ಯಾಟ್‌ಪ್ರಿಯ:
ನನ್ನಲ್ಲಿ ಕೆಫ್‌ನದೇ ಆರ್3, ಮೂರು-ದಾರಿ (ಬಾಸ್, ನಡು, ಮೇಲಿನ ಸದ್ದಿಗೆ ಬೇರೆಬೇರೆ ಡ್ರೈವರ್), ಚಾನೆಲ್‌ಗೆ 200 ವ್ಯಾಟ್, ಮರಳು ತುಂಬಿದ ಸ್ಟ್ಯಾಂಡ್. ಸಬ್ ಬೇಕೇ ಇಲ್ಲ.

ತಾಮ್ರತಂತಿ:
ಮರಳಾ? ಸೀಸದ ಗುಂಡು ಹಾಕಬೇಕು. ವೈರು ಯಾವುದು?